ದಂಡೆಯ ಕಸ ಮತ್ತು ಮಕ್ಕಳ ಲೆಕ್ಕದ ಪುಸ್ತಕ

ಪುಟ್ಟೇನಹಳ್ಳಿ ಎಂದೊಡನೆ ಬೆಂಗಳೂರಿನವರು ‘ಯಾವ ಪುಟ್ಟೇನಹಳ್ಳಿ?’ ಎಂದು ಕೇಳುವುದು ವಾಡಿಕೆ. ಉತ್ತರದಲ್ಲಿ, ಯಲಹಂಕದ ಬಳಿ ಒಂದಿದೆ. ಅಲ್ಲಿಯೂ ಕೆರೆ, ಅಲ್ಲಿಯೂ ಹಕ್ಕಿಗಳು. ನಾನೀಗ ಹೇಳಹೊರಟಿರುವುದು ದಕ್ಷಿಣದ ಪುಟ್ಟೇನಹಳ್ಳಿಯ ವಿಷಯ. ಜೆ.ಪಿ. ನಗರದ ಏಳನೆಯ ಹಂತದಲ್ಲಿ, ಎತ್ತರದ ವಸತಿ ಸಮುಚ್ಚಯಗಳ ನಡುವೆ, ಸುಮಾರು 13 ಎಕರೆ ವಿಸ್ತಾರದ ಒಂದು ಚಿಕ್ಕ ಕೆರೆಯಿದೆ. ಒಂದು ಕಾಲಕ್ಕೆ ಕಳೆಯೂ ಕಟ್ಟಡಗಳ ಮುರುಕಲೂ ತುಂಬಿ, ನೀರಿಗಿಂತ ನೆಲವೇ ಹೆಚ್ಚಾಗಿ ಕಾಣುತ್ತಿದ್ದ ಈ ಕೆರೆಯನ್ನು ಉಳಿಸಿಕೊಳ್ಳಬೇಕೆಂದು ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟನ್ನು ಕಟ್ಟಿದರು. ಮರುವರ್ಷ, ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ನಿತ್ಯದ ಆರೈಕೆಯನ್ನು ವಹಿಸಿಕೊಂಡರು. ಕಾಲುವೆಗಳಲ್ಲಿ ಮಳೆಯ ನೀರು ಸಾಲದೆಹೋದಾಗ, ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರನ್ನು ಕೆರೆಗೆ ತಿರುಗಿಸಿದ ಏರ್ಪಾಡೂ ನಡೆಯಿತು. ಇಂದು ಆ ಪುಟ್ಟ ನೀರಿನಲ್ಲಿ ಕಂಡುಬಂದ ಹಕ್ಕಿಗಳ ಪಟ್ಟಿ ನೂರು ಬಗೆಗಳನ್ನು ದಾಟಿದೆ.

ಇಂಥ ಕೆರೆಯ ದಂಡೆಗೆ ಶಾಲೆಯ ಮಕ್ಕಳು ಬಂದು, ಪರಿಸರ ದಿನವನ್ನು ಆಚರಿಸಿ, ಕಸವನ್ನು ಆಯ್ದು ಹೋಗುವುದು ಎಲ್ಲರಿಗೂ ಸಂತೋಷವನ್ನುಂಟುಮಾಡುವ ದೃಶ್ಯ. ಬೆಂಗಳೂರಿನ ಮಗುವಿಗೆ ನದಿಯ ತೀರವೆಂಬುದು ಬಹುಮಟ್ಟಿಗೆ ಕೆರೆಯ ದಂಡೆಯೇ. ನಮ್ಮ ನಗರ ಕುಳಿತಿರುವುದು ನೀರು ಹರಿದು ಬೇರೆಬೇರೆ ದಿಕ್ಕಿಗೆ ಹಂಚಿಹೋಗುವ ದಿಣ್ಣೆಯ ಮೇಲೆ. ಬಸವನಗುಡಿಯ ಆಚೆಗೆ ಬಿದ್ದ ಮಳೆ ವೃಷಭಾವತಿಯಾಗಿ ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋದರೆ, ಹುಳಿಮಾವು ಅರಕೆರೆಗಳ ಕಡೆಯ ನೀರು ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಎಂದು ಕೆರೆಯಿಂದ ಕೆರೆಗೆ ಇಳಿಯುತ್ತ ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ. ಆ ನದಿ ಹೊಸೂರಿನ ಬಳಿ ತಮಿಳುನಾಡಿಗೆ ದಾಟಿ, ಕಡಲೂರಿನ ಸಮೀಪ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಹೀಗಾಗಿ ನಮ್ಮ ಬಡಾವಣೆಯ ಚರಂಡಿಗೆ ಬಿದ್ದ ಒಂದು ಬಿಸ್ಕತ್ತಿನ ಹೊದಿಕೆಗೆ ಕಡಲಿನವರೆಗೆ ದಾರಿ ತೆರೆದೇ ಇರುತ್ತದೆ. ದಂಡೆಯಲ್ಲಿ ಅದನ್ನು ಹೆಕ್ಕುವ ಹುಡುಗ ಆ ದಾರಿಯ ಮೊದಲ ತಿರುವಿನಲ್ಲಿ ನಿಂತಿರುತ್ತಾನೆ.

ಈ ಆಚರಣೆಗೆ ಜೂನ್ 5ರ ದಿನ ಗೊತ್ತಾದುದು 1972ರ ಸ್ಟಾಕ್‌ಹೋಮ್ ಸಮ್ಮೇಳನದಿಂದ. ಮಾನವ ಪರಿಸರವನ್ನು ಕುರಿತು ವಿಶ್ವಸಂಸ್ಥೆ ಕರೆದ ಆ ಸಭೆಯಲ್ಲಿ ನಮ್ಮ ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರೂ ಮಾತನಾಡಿದ್ದರು. ದಿನವನ್ನು ಆರಿಸಿದವರು ಕರ್ನಾಟಕದ ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ, ಸರಿ. ಆದರೆ ನಮ್ಮ ಪಾಲಿಗೆ ಅದು ಬಹಳ ಯೋಗ್ಯವಾದ ದಿನವಾಗಿ ಒದಗಿದೆ. ಆಗತಾನೆ ಶಾಲೆಗಳು ತೆರೆದಿರುತ್ತವೆ, ಮುಂಗಾರು ಬಾಗಿಲಲ್ಲಿರುತ್ತದೆ. ಬೇಸಗೆಯುದ್ದಕ್ಕೂ ಬೀದಿಯಲ್ಲಿ, ಮೋರಿಯಲ್ಲಿ, ರಾಜಕಾಲುವೆಯ ಮೂಲೆಯಲ್ಲಿ ಕೂಡಿಬಿದ್ದದ್ದನ್ನೆಲ್ಲ ಮೊದಲ ದೊಡ್ಡ ಮಳೆಗಳು ಒಮ್ಮೆಲೇ ಗುಡಿಸಿ ತಂದು ಕೆರೆಗೆ ಸುರಿಯುತ್ತವೆ. ಆದ್ದರಿಂದ ಮಳೆಗೆ ಮುನ್ನ ಕಾಲುವೆಯಲ್ಲಿ ಎತ್ತಿದ ಒಂದು ಬುಟ್ಟಿ ಕಸಕ್ಕೆ, ಮಳೆಯ ನಂತರ ಕೆರೆಯ ನೀರಿನಿಂದ ಎತ್ತಬೇಕಾದ ಹಲವು ಬುಟ್ಟಿಗಳ ಬೆಲೆ. ಆದರೂ ಬಹುಪಾಲು ಶಾಲೆಗಳು ನೇರವಾಗಿ ಕೆರೆಯಂಚಿಗೇ ಹೋಗುತ್ತವೆ. ಛಾಯಾಚಿತ್ರಕ್ಕೆ ಕಾಲುವೆ ಅಷ್ಟು ಒಪ್ಪುವುದಿಲ್ಲವೆಂಬುದು ಇದಕ್ಕೆ ಒಂದು ಕಾರಣವಿರಬಹುದು.

ನನ್ನ ಅನುಭವವೊಂದನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಪರಿಸರ ಸಮಾರಂಭಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಸುತ್ತಿದ ಹೂಗುಚ್ಛವನ್ನು ಕೊಟ್ಟು, ಫ್ಲೆಕ್ಸ್ ಫಲಕದ ಕೆಳಗೆ ನಿಲ್ಲಿಸಿ, ಭೂಮಿಯನ್ನು ಉಳಿಸುವ ಬಗ್ಗೆ ಮಾತನಾಡಿಸಿದರು. ನಾನೂ ಸಂಕೋಚವಿಲ್ಲದೆ ಮಾತನಾಡಿದೆ. ಬಳಿಕ ಮಕ್ಕಳೆಲ್ಲ ನೀರಿನ ದಂಡೆಗೆ ಹೋಗಿ ಎರಡು ಗಂಟೆಯ ಕಾಲ ನಿಜವಾಗಿಯೂ ಬೆವರು ಸುರಿಸಿ ಇಪ್ಪತ್ತಕ್ಕೂ ಹೆಚ್ಚು ಚೀಲ ತುಂಬಿಸಿದರು. ಆಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, “ಇವು ಇನ್ನು ಎಲ್ಲಿಗೆ ಹೋಗುತ್ತವೆ, ಸರ್?” ಎಂದು ಕೇಳಿದಳು. ‘ಪಾಲಿಕೆಯವರು ತೆಗೆದುಕೊಂಡು ಹೋಗುತ್ತಾರಮ್ಮ’ ಎಂದುಬಿಟ್ಟೆ. ಯಾರಿಗೂ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು. ಎರಡು ದಿನ ಬಿಟ್ಟು ಅದೇ ದಾರಿಯಲ್ಲಿ ಹೋದಾಗ ಚೀಲಗಳು ರಸ್ತೆಯ ಪಕ್ಕದಲ್ಲಿಯೇ ಇದ್ದವು; ನಾಯಿಗಳು ಅವನ್ನು ಹರಿದಿದ್ದವು; ಗಾಳಿ ತನ್ನ ಕೆಲಸವನ್ನು ಮಾಡಿತ್ತು. ಆ ಹುಡುಗಿಯೂ ಆ ದಾರಿಯಲ್ಲಿಯೇ ಶಾಲೆಗೆ ಹೋಗುವವಳಾಗಿದ್ದರೆ ನನ್ನ ಉತ್ತರವನ್ನು ಕುರಿತು ಏನೆಂದುಕೊಂಡಿರಬೇಕು?

ಅಂದಿನಿಂದ ನನಗೆ ಈ ಕಾರ್ಯಕ್ರಮವನ್ನು ಹಿಂದುಮುಂದಾಗಿ ಯೋಚಿಸುವುದು ಅಭ್ಯಾಸವಾಗಿದೆ. ಮೊದಲು ಗೊತ್ತಾಗಬೇಕಾದದ್ದು ಚೀಲದ ಕೊನೆಯ ನಿಲ್ದಾಣ. ಬೆಂಗಳೂರಿನ ವಾರ್ಡುಗಳಲ್ಲಿ ಒಣಕಸ ಸಂಗ್ರಹ ಕೇಂದ್ರಗಳಿವೆ. ವಾರಕ್ಕೆ ಮುನ್ನವೇ ವಿದ್ಯಾರ್ಥಿಗಳ ತಂಡವೊಂದು ಅಲ್ಲಿಗೆ ಹೋಗಿ, ಅವರು ಏನನ್ನು ತೆಗೆದುಕೊಳ್ಳುತ್ತಾರೆ, ಏನನ್ನು ತೆಗೆದುಕೊಳ್ಳುವುದಿಲ್ಲ, ಕೆಸರು ಮೆತ್ತಿದ್ದನ್ನು ಏನು ಮಾಡಬೇಕು ಎಂದು ಕೇಳಿ ಬರಬೇಕು. ಗಾಡಿಯ ದಿನ, ಹೊತ್ತು ಗೊತ್ತುಮಾಡಿಕೊಳ್ಳಬೇಕು. ಕೆರೆಯನ್ನು ನೋಡಿಕೊಳ್ಳುವವರ ಅಪ್ಪಣೆಯನ್ನು ಪಡೆಯಬೇಕು. ಇವೆಲ್ಲ ಅಧ್ಯಾಪಕರು ದೂರವಾಣಿಯಲ್ಲಿ ಐದು ನಿಮಿಷದಲ್ಲಿ ಮುಗಿಸಬಹುದಾದ ಕೆಲಸಗಳೇ. ಮಕ್ಕಳಿಂದ ಮಾಡಿಸಿದರೆ ಮೂರು ದಿನ ಹಿಡಿಯುತ್ತದೆ. ಆ ಮೂರು ದಿನಗಳಲ್ಲಿ ಅವರು ಕಲಿಯುವುದು ಸಮಾರಂಭದ ದಿನ ಕಲಿಯುವುದಕ್ಕಿಂತ ಹೆಚ್ಚೆಂದು ನನ್ನ ನಂಬಿಕೆ.

ಒಣಕಸದ ಕೇಂದ್ರಕ್ಕೆ ಹೋದ ಮಕ್ಕಳಿಗೆ ಒಂದು ವಿಚಿತ್ರ ಸಂಗತಿ ಅರಿವಾಗುತ್ತದೆ. ನೀರಿನ ಬಾಟಲಿಗೆ ಬೆಲೆಯಿದೆ, ಹಾಲಿನ ಚೀಲಕ್ಕೆ ಬೆಲೆಯಿದೆ, ರಟ್ಟಿಗೆ, ತಗಡಿಗೆ, ಗಾಜಿಗೆ ಅಷ್ಟಿಷ್ಟು ಬೆಲೆಯಿದೆ. ಚಿಂದಿ ಆಯುವವರು ಇವನ್ನು ನಸುಕಿನಲ್ಲಿಯೇ ಹೆಕ್ಕಿಕೊಂಡು ಹೋಗಿರುತ್ತಾರೆ. ನಗರದ ಶುಚಿತ್ವಕ್ಕೆ ನಾವು ಅವರಿಗೆ ತೀರಿಸಬೇಕಾದ ಋಣ ಸಣ್ಣದಲ್ಲ. ದಂಡೆಯಲ್ಲಿ ಕೊನೆಗೆ ಉಳಿಯುವುದು ಯಾರೂ ಕೊಳ್ಳದ ವಸ್ತು: ಚಿಪ್ಸಿನ ಹೊದಿಕೆ, ಶಾಂಪೂ ಪೊಟ್ಟಣ, ಪಾನ್ ಮಸಾಲೆಯ ಪೊಟ್ಟಣ. ಇವುಗಳಲ್ಲಿ ಪ್ಲಾಸ್ಟಿಕ್ಕಿನ ಪದರವೂ ಲೋಹದ ತೆಳು ಪದರವೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬಿಡಿಸಿ ಕರಗಿಸುವುದು ಲಾಭದ ಕೆಲಸವಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆಯೇ ಬೇರೆ, ತಂಬಾಕೇ ಬೇರೆಯಾಗಿ ಜೋಡಿ ಪೊಟ್ಟಣಗಳಲ್ಲಿ ಮಾರಾಟಕ್ಕೆ ಬಂದು, ಒಂದು ಬೀಳುತ್ತಿದ್ದ ಜಾಗದಲ್ಲಿ ಎರಡು ಬೀಳತೊಡಗಿದವು. ಕಾನೂನು ಮಾಡಿದವರು ಇದನ್ನು ಊಹಿಸಿರಲಾರರು. ಎಣಿಸುವ ಮಗುವಿಗೆ ಮಾತ್ರ ಕಾಣುತ್ತದೆ.

ಎಣಿಸುವ ಮಗು ಎಂದೆನಲ್ಲವೇ? ನಾನು ಮುಖ್ಯವಾಗಿ ಹೇಳಬೇಕಾದ ವಿಷಯವೇ ಅದು. 1986ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಕಡಲ ತೀರದಲ್ಲಿ ಲಿಂಡಾ ಮರಾನಿಸ್, ಕ್ಯಾಥಿ ಒ’ಹಾರಾ ಎಂಬ ಇಬ್ಬರು ಮಹಿಳೆಯರು ಸುಮಾರು 2,800 ಸ್ವಯಂಸೇವಕರನ್ನು ಕೂಡಿಸಿ ಕಸ ಎತ್ತಿಸಿದರು. ಅಂಥ ಕೆಲಸ ಅದಕ್ಕೂ ಹಿಂದೆ ಎಷ್ಟೋ ಕಡೆ ನಡೆದಿತ್ತು. ಅವರು ಮಾಡಿದ ಹೊಸತೆಂದರೆ, ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಟ್ಟು, ಎತ್ತಿದ ಪ್ರತಿಯೊಂದು ವಸ್ತುವನ್ನೂ ಬರೆಯಿಸಿದ್ದು. ಚೀಟಿಗಳನ್ನು ಕೂಡಿಸಿ ನೋಡಿದಾಗ ಕಸಕ್ಕೆ ಒಡೆಯರು ಕಾಣಿಸಿಕೊಂಡರು: ಇಷ್ಟು ತೀರಕ್ಕೆ ಬಂದವರದು, ಇಷ್ಟು ಮೀನುದೋಣಿಗಳದು, ಇಷ್ಟು ಹಡಗುಗಳದು. ಹಡಗುಗಳಿಂದ ಪ್ಲಾಸ್ಟಿಕ್ಕನ್ನು ಕಡಲಿಗೆ ಎಸೆಯುವುದನ್ನು ನಿಷೇಧಿಸುವ ಅಂತರರಾಷ್ಟ್ರೀಯ ನಿಯಮ 1988ರ ಕೊನೆಯ ದಿನ ಜಾರಿಗೆ ಬಂತು; ಆ ನಿಯಮದ ಪರವಾಗಿ ವಾದಿಸಿದವರಿಗೆ ಇಂಥ ಲೆಕ್ಕಗಳೇ ಆಧಾರವಾಗಿದ್ದವು. ಆ ಪದ್ಧತಿ ಇಂದು ಅನೇಕ ದೇಶಗಳಲ್ಲಿ ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರ ನಡೆದುಬರುತ್ತಿದೆ.

ನಮ್ಮ ಮಕ್ಕಳಿಗೆ ಇದು ಕಷ್ಟವೇನಲ್ಲ. ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬ ಎತ್ತಲಿ, ಒಬ್ಬ ಬರೆಯಲಿ, ನಡುವೆ ಕೆಲಸ ಬದಲಾಗಲಿ. ದಂಡೆಯನ್ನು ನೂರು ನೂರು ಹೆಜ್ಜೆಗಳ ತುಂಡುಗಳಾಗಿ ಹಂಚಿ, ಯಾವ ತುಂಡು ಯಾರದೆಂದು ನಕ್ಷೆಯಲ್ಲಿ ಗುರುತಿಸಿ. ಎಷ್ಟು ಕಿಲೋ ಎತ್ತಿದೆವು ಎಂದು ಘೋಷಿಸುವ ಆಸೆಯನ್ನು ಮಾತ್ರ ಬಿಡಬೇಕು. ಒದ್ದೆ ಚೀಲದ ತೂಕದಲ್ಲಿ ಮಣ್ಣು ನೀರುಗಳದೇ ದೊಡ್ಡ ಪಾಲು. ಒಂದು ಕಿಲೋ ಕೆಸರಿನ ಗೋಣಿಯೂ ಒಂದು ಕಿಲೋ ಶಾಂಪೂ ಪೊಟ್ಟಣಗಳೂ ತಕ್ಕಡಿಗೆ ಸಮ, ಕೆರೆಗೆ ಸಮವಲ್ಲ. ಎಣಿಕೆಯೇ ನಂಬಿಕಸ್ತ.

ಎತ್ತಬಾರದ್ದು ಯಾವುದೆಂಬುದನ್ನೂ ಹೇಳಿಕೊಡಬೇಕು. ಸೂಜಿ, ಔಷಧಿಯ ಸೀಸೆ, ಒಡೆದ ಗಾಜು ಇವುಗಳಿಗೆ ಮಕ್ಕಳು ಕೈಹಾಕಕೂಡದು. ಗುರುತು ಹಾಕಿ ದೊಡ್ಡವರನ್ನು ಕರೆಯಬೇಕು. ಕೈಗವಸು, ಕಾಲಿಗೆ ಮುಚ್ಚಿದ ಬೂಟು ಇಲ್ಲದವರು ಬರೆಯುವ ಕೆಲಸವನ್ನಷ್ಟೇ ಮಾಡಲಿ. ಮೊಣಕಾಲುದ್ದದ ನೀರಾದರೂ ಇಳಿಯುವ ಮಾತೇ ಬೇಡ. ಇನ್ನು, ಉದುರಿದ ಎಲೆ ಕಸವಲ್ಲ. ನೀರಂಚಿನ ಜೊಂಡೂ ಕಸವಲ್ಲ. ಚೊಕ್ಕಟವೆಂದರೆ ಬೋಳು ಎಂದು ತಿಳಿದ ಉತ್ಸಾಹಿಗಳು ಜೊಂಡನ್ನೂ ಕಿತ್ತುಬಿಡುವುದುಂಟು. ಮುಂಗಾರಿನ ತಿಂಗಳುಗಳಲ್ಲಿಯೇ ಜಂಬುಕೋಳಿ, ನಾಮದ ಕೋಳಿ, ಗುಳುಮುಳುಕ ಮುಂತಾದವು ಆ ಜೊಂಡಿನ ಮರೆಯಲ್ಲಿ, ತೇಲುವ ಸೊಪ್ಪಿನ ಮೇಲೆ ಗೂಡು ಕಟ್ಟುತ್ತವೆ. ಜೂನ್ 5ರಂದು ಇನ್ನೂರು ಮಕ್ಕಳು ಕೂಗಾಡುತ್ತ ಕೆರೆಯನ್ನು ಸುತ್ತಿದರೆ ಆ ಹಬ್ಬ ಹಕ್ಕಿಗಳ ಪಾಲಿಗೆ ಹಬ್ಬವಾಗಿರುವುದಿಲ್ಲ. ನಲವತ್ತು ಮಕ್ಕಳ ಐದು ತಂಡಗಳು ಐದು ದಿನ ಬಂದರೆ ಕೆಲಸವೂ ಆಗುತ್ತದೆ, ಗೂಡುಗಳೂ ಉಳಿಯುತ್ತವೆ.

ಲೆಕ್ಕ ಬರೆದಾದ ಮೇಲೆ? ಅದನ್ನು ಶಾಲೆಯ ಗೋಡೆಗೆ ತೂಗುಹಾಕಿದರೆ ಅಲ್ಲಿಗೇ ಮುಗಿಯಿತು. ಪಟ್ಟಿಯಲ್ಲಿ ತೆಳು ಕೈಚೀಲಗಳೇ ಮುಂದಿದ್ದರೆ, 2016ರಲ್ಲಿ ರಾಜ್ಯವೂ, 2022ರ ಜುಲೈ 1ರಿಂದ ಕೆಲವು ಏಕಬಳಕೆಯ ವಸ್ತುಗಳ ವಿಷಯದಲ್ಲಿ ಕೇಂದ್ರವೂ ನಿಷೇಧ ವಿಧಿಸಿರುವುದನ್ನು ನೆನಪಿಸಿ ವಾರ್ಡಿನ ಅಧಿಕಾರಿಗೆ ಪತ್ರ ಬರೆಯಬಹುದು. ಹೊದಿಕೆಗಳೇ ಹೆಚ್ಚಾಗಿದ್ದರೆ, ತಾವು ಮಾರಿದ ಪ್ಲಾಸ್ಟಿಕ್ ಹೊದಿಕೆಯನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ಕೇಂದ್ರದ ನಿಯಮಗಳು 2016ರಿಂದಲೇ ಇವೆ. ಹೊದಿಕೆಯ ಮೇಲೆ ಅವರ ವಿಳಾಸವೂ ಅಚ್ಚಾಗಿರುತ್ತದೆ. ಕಾಗದದ ಬಟ್ಟಲು, ಚಮಚಗಳೇ ಸಿಕ್ಕಿದ್ದರೆ ಸಮೀಪದ ಅಂಗಡಿಯವನೊಡನೆ ಮಾತನಾಡಿದರೆ ಸಾಕು. ಪಟ್ಟಿಯಲ್ಲಿ ತಮ್ಮದೇ ಶಾಲೆಯ ತಿಂಡಿಕೋಣೆಯ ಪದಾರ್ಥಗಳು ಕಂಡರೆ ಪತ್ರ ಯಾರಿಗೆ ಎಂಬುದು ಸ್ವಲ್ಪ ಸೂಕ್ಷ್ಮವಾದ ಪ್ರಶ್ನೆ. ಅದನ್ನು ಮುಖ್ಯೋಪಾಧ್ಯಾಯರಿಗೇ ಬಿಡೋಣ.

ಒಂದು ಸಲದ ಎಣಿಕೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅದೇ ತಂಡ ಅದೇ ನೂರು ಹೆಜ್ಜೆಗಳಿಗೆ ಆಗಸ್ಟಿನಲ್ಲಿ ಮತ್ತೊಮ್ಮೆ, ಗಣೇಶನ ಹಬ್ಬ ಕಳೆದ ವಾರ ಮತ್ತೊಮ್ಮೆ, ಬೇಸಗೆಯ ರಜೆಗೆ ಮುನ್ನ ಮಗದೊಮ್ಮೆ ಹೋಗಬೇಕು. ಆಗ ಭಾಷಣವಿಲ್ಲ, ಫಲಕವಿಲ್ಲ, ಅತಿಥಿಯ ಅಗತ್ಯವಂತೂ ಇಲ್ಲ. ಒಂದು ಪುಸ್ತಕ, ಎರಡು ಪೆನ್ಸಿಲ್, ಹಳೆಯ ಗೋಣಿಚೀಲ ಇದ್ದರಾಯಿತು. ಪುಸ್ತಕದ ಮೊದಲ ಪುಟದಲ್ಲಿ ಒಣಕಸದ ಕೇಂದ್ರ ತೆರೆಯುವ ವೇಳೆಯನ್ನು ಬರೆದಿಟ್ಟುಕೊಂಡಿರಲಿ. ಎಂಟನೆಯ ತರಗತಿಯಿಂದ ಇನ್ನಾರಾದರೂ ಬಂದು ಕೇಳಿದರೆ, ಉತ್ತರ ಅಲ್ಲಿರುತ್ತದೆ.