ಅದ್ಭುತ ಕಥೆಗೆ ಎಂಥ ಮುಖಚಿತ್ರ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಹಳೆಯ ಮನೆಯ ಅಟ್ಟವೆಂದರೆ ಮಕ್ಕಳ ಪಾಲಿಗೆ ಅರ್ಧ ಉಗ್ರಾಣ, ಅರ್ಧ ಭೂತದ ಬೀಡು. ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆಸಮೇತ ಅಲ್ಲಿ ರಾಶಿ ಹಾಕಿ, ವರ್ಷಕ್ಕೆ ಸಮೀಪ ಹಾಗೆಯೇ ಬಿಡುವುದು ವಾಡಿಕೆ. ಒಳಗಿನ ನೀರು ಇಂಗುತ್ತದೆ. ತಿರುಳು ಒಣಗಿ ಕರಟವನ್ನು ಬಿಡುತ್ತದೆ. ಕಾಯನ್ನೆತ್ತಿ ಅಲ್ಲಾಡಿಸಿದರೆ ಉಂಡೆ ಕೊಬ್ಬರಿ ಗಡಗಡನೆ ಉರುಳುತ್ತದೆ. ಈ ಸದ್ದಿನಿಂದಲೇ ಒಂದು ಅದ್ಭುತ ಕಾದಂಬರಿಯನ್ನು ಆರಂಭಿಸಬಹುದು. ಯಾರೂ ಮುಟ್ಟದ ಕಾಯೊಂದು ನಡುರಾತ್ರಿ ತಾನಾಗಿ ಸದ್ದು ಮಾಡಿತು. ಹುಡುಗನೊಬ್ಬ ಲಾಟೀನು ಹಿಡಿದು ಏಣಿ ಹತ್ತಿದ. ಕಟ್ಟಕಡೆಗೆ ಕಾಯಿ ಬಿರಿದು ಶಾಪಗ್ರಸ್ತ ಗಂಧರ್ವನೊಬ್ಬ ಹೊರಬಂದ!

ಪುಸ್ತಕ ಅಚ್ಚಾಗುವ ಹೊತ್ತಿಗೆ ತಕರಾರು ಏಳುವುದು ಮುಖಚಿತ್ರದ ಬಗ್ಗೆ. ಪ್ರಕಾಶಕನಿಗೆ ಗಂಧರ್ವನೇ ಬೇಕು. ರೈಲ್ವೆ ನಿಲ್ದಾಣದ ಅಂಗಡಿಯಲ್ಲಿ ಕಣ್ಣು ಸೆಳೆಯಬಲ್ಲವನು ಅವನೇ. ಅವನ ಲೆಕ್ಕಾಚಾರವನ್ನು ಹಗುರವಾಗಿ ಕಾಣುವಂತಿಲ್ಲ, ಹಣ ಹೂಡಿದವನು ಅವನು. ಆದರೆ ಇನ್ನೂರು ಪುಟ ಕಾದಿಟ್ಟ ಗುಟ್ಟನ್ನು ಹೊದಿಕೆಯ ಮೇಲೆಯೇ ಬಿಟ್ಟುಕೊಟ್ಟರೆ ಓದುಗನಿಗೆ ಉಳಿಯುವುದೇನು? ಏಣಿಯ ಕೊನೆಯ ಮೆಟ್ಟಿಲು, ಮೇಲಿನ ಕತ್ತಲು, ಹುಡುಗನ ಕೈಯ ಲಾಟೀನು, ಇಷ್ಟೇ ಸಾಕು.

ಈ ಮಾತಿಗೆ ಹಳೆಯ ಆಧಾರವೊಂದುಂಟು. ಕಾದಂಬರಿ ಎಂಬ ನಮ್ಮ ಶಬ್ದವೇ ಏಳನೆಯ ಶತಮಾನದ ಬಾಣಭಟ್ಟನ ಕಥೆಯಿಂದ ಬಂದುದು. ಹತ್ತನೆಯ ಶತಮಾನದಲ್ಲಿ ನಾಗವರ್ಮ ಅದನ್ನು ಕನ್ನಡಕ್ಕೆ ತಂದ. ಶೂದ್ರಕ ರಾಜನ ಸಭೆಗೆ ಚಂಡಾಲಕನ್ಯೆಯೊಬ್ಬಳು ಪಂಜರದ ಗಿಳಿಯನ್ನು ತರುತ್ತಾಳೆ. ಗಿಳಿ ಕಥೆ ಹೇಳುತ್ತದೆ. ಕಥೆಯಲ್ಲಿ ಬರುವ ಚಂದ್ರಾಪೀಡನೇ ಈಗ ಶೂದ್ರಕನಾಗಿದ್ದಾನೆ, ಅವನ ಗೆಳೆಯನೇ ಗಿಳಿಯಾಗಿದ್ದಾನೆ, ಆ ಕನ್ಯೆ ಸಾಕ್ಷಾತ್ ಲಕ್ಷ್ಮಿ ಎಂಬುದು ತಿಳಿಯುವುದು ಕಡೆಯಲ್ಲಿ. ಇದಕ್ಕೆ ಚಿತ್ರ ಬರೆಯುವವನು ಅಚ್ಛೋದ ಸರೋವರದ ತೀರದಲ್ಲಿ ವೀಣೆ ನುಡಿಸುವ ಮಹಾಶ್ವೇತೆಯನ್ನು ಆರಿಸಿದರೆ ಚೆಲುವಾದೀತು, ಸಂದೇಹವಿಲ್ಲ. ಆದರೂ ಸಭೆಯ ಗಿಳಿಯೇ ಮೇಲು. ರಹಸ್ಯವೆಲ್ಲ ಆ ಚಿತ್ರದಲ್ಲೇ ಇದೆ, ಓದುವ ಮುನ್ನ ಯಾರಿಗೂ ಕಾಣದು. ಓದಿ ಮುಗಿಸಿದವನು ಪುಸ್ತಕ ಮುಚ್ಚಿ ಹೊದಿಕೆಯನ್ನು ಇನ್ನೊಮ್ಮೆ ನೋಡುತ್ತಾನೆ.

ಎಲ್ಲರಿಗೂ ತಿಳಿದ ಕಥೆಯ ವಿಷಯ ಬೇರೆ. 1949ರಲ್ಲಿ ಕನ್ನಡದಲ್ಲಿ ಹೊರಡತೊಡಗಿದ ‘ಚಂದಮಾಮ’ಕ್ಕೆ ಎಂ. ಟಿ. ವಿ. ಆಚಾರ್ಯರು ಮಹಾಭಾರತದ ಮುಖಚಿತ್ರಗಳನ್ನು ಬರೆದರು. ಕರ್ಣ ಯಾರ ಮಗನೆಂಬುದು ಅಡಿಗೆಮನೆಯಲ್ಲಿ ಕುಳಿತ ಅಜ್ಜಿಗೂ ಗೊತ್ತು. ಅಲ್ಲಿ ಬಚ್ಚಿಡಬೇಕಾದುದಿಲ್ಲ, ಅತ್ಯಂತ ಉಜ್ಜ್ವಲವಾದ ಗಳಿಗೆಯನ್ನು ನಿಸ್ಸಂಕೋಚವಾಗಿ ಆರಿಸಿಕೊಳ್ಳಬಹುದು.

ಇಂಗ್ಲೆಂಡಿನ ಟೋಲ್ಕಿನ್ 1937ರಲ್ಲಿ ತಮ್ಮ ‘ಹಾಬಿಟ್’ ಕಥೆಗೆ ತಾವೇ ಹೊದಿಕೆಯ ಚಿತ್ರ ಬರೆದರು. ಬೆಟ್ಟಗಳ ಸಾಲು, ಕಾಡು, ದೂರದಲ್ಲೊಂದು ಪುಟ್ಟ ಘಟಸರ್ಪ, ಕಥಾನಾಯಕನೇ ಇಲ್ಲ. ಸೂರ್ಯನಿಗೂ ಸರ್ಪಕ್ಕೂ ಕೆಂಪು ಬೇಕೆಂದು ಅವರ ಆಸೆ. ಇನ್ನೊಂದು ಬಣ್ಣದ ಖರ್ಚಿಗೆ ಹೆದರಿದ ಪ್ರಕಾಶಕರು ಅದನ್ನು ಕೈಬಿಟ್ಟರು. 1965ರಲ್ಲಿ ಅಮೆರಿಕದ ಅಗ್ಗದ ಆವೃತ್ತಿ ಹೊರಬಂದಾಗಲಂತೂ ಮುಖಪುಟದಲ್ಲಿ ಸಿಂಹವೊಂದು, ಎಮು ಹಕ್ಕಿಗಳು, ಬುರುಡೆಯಂಥ ಹಣ್ಣು ಬಿಟ್ಟ ಮರ! ಚಿತ್ರಕರ್ತೆಗೆ ಕಥೆಯನ್ನು ಓದುವ ಅವಕಾಶವೇ ಸಿಕ್ಕಿರಲಿಲ್ಲ. ಟೋಲ್ಕಿನ್ನರ ಆಕ್ಷೇಪಣೆಯ ಮೇಲೆ ಮುಂದಿನ ಮುದ್ರಣಗಳಲ್ಲಿ ಸಿಂಹ ಮಾಯವಾಯಿತು.

ನಮ್ಮ ಅಟ್ಟದ ಕಥೆಗೂ ಈ ಅಪಾಯ ತಪ್ಪಿದ್ದಲ್ಲ. ತೆಂಗು ಎಂದೊಡನೆ ಪರಸ್ಥಳದ ಚಿತ್ರಕಾರನ ಕುಂಚ ಕಡಲತೀರಕ್ಕೆ ಓಡುತ್ತದೆ: ಬಾಗಿದ ಮರ, ಮರಳು, ತೆರೆ, ದೋಣಿ. ತಿಪಟೂರಿನ ತೆಂಗು ಬಯಲುಸೀಮೆಯದು. ಕೆರೆ, ಬಾವಿಗಳ ನೀರುಂಡು ಸಾಲುಸಾಲಾಗಿ ನೆಟ್ಟಗೆ ನಿಂತದ್ದು. ದೋಣಿಯನ್ನು ಕಂಡ ಚಿಕ್ಕನಾಯಕನಹಳ್ಳಿಯ ಹುಡುಗ ಗಂಧರ್ವನನ್ನು ನಂಬಿಯಾನೆ? ಚಿತ್ರಕಾರನಿಗೆ ಹಸ್ತಪ್ರತಿಯ ಜತೆಗೆ ತಿಪಟೂರಿನ ರೈಲು ಟಿಕೆಟ್ಟನ್ನೂ ಕೊಡಿಸುವುದು ಒಳ್ಳೆಯದು.