ಪದದ ಬಾಲ ನೋಡಬೇಡಿ, ಕೆಲಸ ನೋಡಿ

'ಕಷ್ಟಪಟ್ಟು ಓದಿದೆ' ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿ. 'ಐ ಹಾರ್ಡ್‌ಲಿ ಸ್ಟಡೀಡ್' ಎಂದಿರಾ? ಹಾಗೆಂದರೆ 'ನಾನು ಓದಲೇ ಇಲ್ಲವೆನ್ನಬಹುದು' ಎಂದಾಯಿತು! ಸರಿಯಾದ ವಾಕ್ಯ 'ಐ ಸ್ಟಡೀಡ್ ಹಾರ್ಡ್'.

ಕ್ರಿಯಾವಿಶೇಷಣದ ಕೊನೆಗೆ ಎಲ್-ವೈ ಅಕ್ಷರಗಳು ಇರಲೇಬೇಕೆಂದು ಅನೇಕರು ತಿಳಿದಿದ್ದಾರೆ. 'ಸ್ಲೋಲಿ' ಎಂಬಲ್ಲಿ ಅದು ನಿಜ. ಆದರೆ 'ಫ್ರೆಂಡ್‌ಲಿ' ಗುಣವಾಚಕ. 'ಫಾಸ್ಟ್‌ಲಿ' ಎಂದು ಇಂದಿನ ಇಂಗ್ಲಿಷಿನಲ್ಲಿ ಯಾರೂ ಬರೆಯುವುದಿಲ್ಲ.

ಬೀಳಗಿ ತಾಲೂಕಿನ ಅನಗವಾಡಿ ಕಡೆಯ ಆಡುಮಾತನ್ನೇ ಗಮನಿಸಿ. 'ಜೋರು ಮಳಿ' ಎಂದಾಗ 'ಜೋರು' ಮಳೆ ಎಂಥದೆಂದು ಹೇಳುತ್ತದೆ, ಅದು ಗುಣವಾಚಕ. 'ಮಳಿ ಜೋರು ಬಂತು' ಎಂದಾಗ ಬಂದ ಬಗೆಯನ್ನು ಹೇಳುತ್ತದೆ. ಅದೇ ಪದ ಈಗ ಕ್ರಿಯಾವಿಶೇಷಣ. ಪದ ಬದಲಾಗಲಿಲ್ಲ, ಕೆಲಸ ಬದಲಾಯಿತು. 'ಫಾಸ್ಟ್ ಬಸ್', 'ದ ಬಸ್ ರನ್ಸ್ ಫಾಸ್ಟ್' ಎಂಬಲ್ಲಿಯೂ ಹೀಗೆಯೇ. ಪಠ್ಯಪುಸ್ತಕದ ಕನ್ನಡವಾದರೋ 'ಜೋರಾಗಿ' ಎಂದು 'ಆಗಿ' ಸೇರಿಸುತ್ತದೆ. 'ಮೆಲ್ಲನೆ', 'ಥಟ್ಟನೆ' ಮೊದಲಾದವು ನಮ್ಮ ವ್ಯಾಕರಣದಲ್ಲಿ ಅವ್ಯಯಗಳು. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಅವ್ಯಯಗಳಿಗೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ಆದುದರಿಂದ 'ಹೇಗೆ? ಯಾವಾಗ? ಎಲ್ಲಿ?' ಎಂದು ಕ್ರಿಯಾಪದವನ್ನು ಕೇಳಿ. ಉತ್ತರ ಕೊಡುವ ಪದವೇ ಕ್ರಿಯಾವಿಶೇಷಣ. 'ವೆರಿ'ಯಂಥವು ಗುಣವಾಚಕಕ್ಕೂ ಅಂಟಿಕೊಳ್ಳುತ್ತವೆ, ಅದು ಬೇರೆ ಮಾತು. ಈಗ 'ಆ್ಯನ್ ಅರ್ಲಿ ಬಸ್', 'ದ ಬಸ್ ಕೇಮ್ ಅರ್ಲಿ' ಇವುಗಳಲ್ಲಿ 'ಅರ್ಲಿ' ಯಾವುದು ಯಾವ ಜಾತಿ, ನೀವೇ ಹೇಳಿ.