ಮೇಜಿನ ಮೇಲೆ ಬಡಾಹೋಸ್ ಕೋಟೆ

ಸ್ಪೇನಿನ ಬಡಾಹೋಸ್ ಕೋಟೆಗೆ 1812ರ ಏಪ್ರಿಲ್ 6ರ ರಾತ್ರಿ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ನನ ಸೇನೆ ಲಗ್ಗೆಯಿಟ್ಟಾಗ, ಕಂಡಿಗಳಲ್ಲಿ, ಅಂದರೆ ಫಿರಂಗಿಯ ಹೊಡೆತಕ್ಕೆ ಗೋಡೆ ಕುಸಿದ ಜಾಗಗಳಲ್ಲಿ, ಕೋಟೆ ಕಾಯುತ್ತಿದ್ದ ಫ್ರೆಂಚರು ಕತ್ತಿಯಲಗುಗಳನ್ನು ನೆಟ್ಟ ಮರದ ದಿಮ್ಮಿಗಳನ್ನು ಅಡ್ಡಗಟ್ಟಿದ್ದರಿಂದ ನುಗ್ಗಿದವರಲ್ಲಿ ಅನೇಕರು ಅಲ್ಲೇ ಉರುಳಿದರು. ಕೋಟೆ ಬಿದ್ದದ್ದು ಬೇರೆಡೆ ಏಣಿ ಹಾಕಿ ಹತ್ತಿದ ತುಕಡಿಗಳಿಂದ. ಈ ಕದನವನ್ನು ಪುಟ್ಟ ಸೈನಿಕರ ಗೊಂಬೆ, ದಾಳ ಮತ್ತು ಅಳತೆಪಟ್ಟಿಗಳಿಂದ ಮೇಜಿನ ಮೇಲೆ ಆಡುವ ಯುದ್ಧದಾಟವಾಗಿ ರೂಪಿಸುವವರಿಗೆ ಗೋಡೆಯ ಮಾದರಿ ಕಟ್ಟುವುದಕ್ಕಿಂತ ದೊಡ್ಡ ತೊಡಕೆಂದರೆ, ಇತಿಹಾಸ ಓದಿದ ಇಬ್ಬರು ಆಟಗಾರರಿಗೂ ಏಣಿಯ ಗುಟ್ಟು ಮೊದಲೇ ಗೊತ್ತಿರುವುದು. ಆದ್ದರಿಂದ ದಾಳಿಗಾರನು ಯಾವ ದಳ ಎತ್ತ ಸಾಗುವುದೆಂದು ಗುಟ್ಟಾಗಿ ಬರೆದಿಡಬೇಕು, ರಕ್ಷಕನು ಮೀಸಲು ಪಡೆಯನ್ನು ಒಮ್ಮೆ ಮಾತ್ರ ಕದಲಿಸಬಹುದು ಎಂಬ ನಿಯಮ ಲೇಸು. ಕಂಡಿಯ ಕಾದಾಟ ಲಂಬಿಸಿದಷ್ಟೂ ಉಳಿದ ಗೋಡೆಗಳ ಕಾವಲು ತೆಳುವಾಗುವಂತೆ ಮಾಡಿದರೆ, ವಿಫಲವಾದ ಆ ನುಗ್ಗಾಟಕ್ಕೂ ಆಟದಲ್ಲಿ ಅರ್ಥ ಬರುತ್ತದೆ.